ವರ್ಷವನ್ನು ತಡೆಯಬೇಡಿ, ವಿಷಯವನ್ನು ತಡೆಯಿರಿ: ಎಂಜಿನಿಯರಿಂಗ್ ನಿಯಮ ಬರೆಯುವವರಿಗೆ ಒಂದು ಬಹಿರಂಗ ಪತ್ರ

ಎಂಜಿನಿಯರಿಂಗ್ ಪದವಿಯ ನಿಯಮ ಬರೆಯುವ ಅಕಾಡೆಮಿಕ್ ಕೌನ್ಸಿಲ್ ಸದಸ್ಯರಿಗೆ, ಡೀನ್‌ಗಳಿಗೆ, ಪರೀಕ್ಷಾ ವಿಭಾಗದ ಮುಖ್ಯಸ್ಥರಿಗೆ,

ನಮಸ್ಕಾರ.

ನಾನು ಎರಡನೇ ವರ್ಷದ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಪಾಠ ಮಾಡುವವನು. ಮೊದಲ ವರ್ಷ ದಾಟಿದವರು ನೇರವಾಗಿ ನನ್ನಂಥ ಮೇಷ್ಟ್ರ ಕೈಗೆ ಬರುತ್ತಾರೆ. ಯಾರು ಮುಂದಿನ ವರ್ಷಕ್ಕೆ ಹೋಗಬಹುದು, ಯಾರು ನಿಲ್ಲಬೇಕು ಎಂದು ನೀವು ನಿಯಮ ಮಾಡುತ್ತೀರಿ. ಅದರ ಫಲವನ್ನು ದಿನವೂ ತರಗತಿಯಲ್ಲಿ ನೋಡುವವರು ನಾವು. ಬರಬೇಕಾಗಿದ್ದ ಕೆಲವರು ಬಂದಿರುವುದಿಲ್ಲ. ಬಂದವರಲ್ಲಿ ಕೆಲವರಿಗೆ ಮೊದಲ ವಾರದಿಂದಲೇ ಪಾಠ ತಲೆಗೆ ಹತ್ತುತ್ತಿರುವುದಿಲ್ಲ. ಎರಡೂ ಒಂದೇ ನಿಯಮದಿಂದ ಆಗುತ್ತಿರುವ ತೊಂದರೆ. ಅದನ್ನು ನಿಮ್ಮ ಮುಂದಿಡಲು ಈ ಪತ್ರ.

ನನ್ನ ಬೇಡಿಕೆ ಚಿಕ್ಕದು. "ಈ ವಿದ್ಯಾರ್ಥಿ ಎರಡನೇ ವರ್ಷಕ್ಕೆ ಹೋಗಬಹುದಾ?" ಎಂದು ಕೇಳುವುದನ್ನು ಬಿಡಿ. "ಎರಡನೇ ವರ್ಷದ ಯಾವ ಯಾವ ವಿಷಯ ಓದಲು ಇವರು ತಯಾರಿದ್ದಾರೆ?" ಎಂದು ಕೇಳಿ. ತಡೆಯುವುದಿದ್ದರೆ ವಿಷಯಕ್ಕೆ ತಡೆ ಹಾಕಿ. ಇಡೀ ವರ್ಷಕ್ಕೆ ಹಾಕಬೇಡಿ.

ಈಗ ಹಲವು ಕಡೆ ನಡೆಯುತ್ತಿರುವುದು ಬರೀ ಎಣಿಕೆ. ಇಷ್ಟು ಬ್ಯಾಕ್‌ಲಾಗ್ (ಪಾಸಾಗದೆ ಉಳಿದ ವಿಷಯ) ಇದ್ದರೆ ಮುಂದಕ್ಕೆ, ಇನ್ನೊಂದು ಜಾಸ್ತಿಯಾದರೆ ಇಯರ್ ಬ್ಯಾಕ್, ಅಂದರೆ ಒಂದು ವರ್ಷ ಅಲ್ಲೇ ನಿಲ್ಲಬೇಕು. ಲೆಕ್ಕ ಹಾಕಲು ಸುಲಭ, ಕಂಪ್ಯೂಟರ್‌ಗೂ ಸುಲಭ. ಆದರೆ ಆ ಎಣಿಕೆಗೆ ವಿಷಯದ ಗುರುತೇ ಇಲ್ಲ. ಗಣಿತ ಹೋದರೂ ಒಂದು, ವರ್ಕ್‌ಶಾಪ್ ಹೋದರೂ ಒಂದು.

ಇಬ್ಬರನ್ನು ಊಹಿಸಿಕೊಳ್ಳಿ. ನಾಲ್ಕು ಬ್ಯಾಕ್‌ಲಾಗ್‌ವರೆಗೆ ಬಿಡುತ್ತೇವೆ ಎಂಬ ನಿಯಮ ಇದೆ ಎಂದುಕೊಳ್ಳಿ. ಒಬ್ಬಳು ಕಂಪ್ಯೂಟರ್ ಸೈನ್ಸ್ ವಿದ್ಯಾರ್ಥಿನಿ. ಗಣಿತ ಪಾಸು, ಪ್ರೋಗ್ರಾಮಿಂಗ್ ಪಾಸು. ಹೋಗಿರುವುದು ಕೆಮಿಸ್ಟ್ರಿ, ಡ್ರಾಯಿಂಗ್, ವರ್ಕ್‌ಶಾಪ್, ಭಾಷೆ, ಪರಿಸರ ಅಧ್ಯಯನ. ಒಟ್ಟು ಐದು. ಅವಳು ನಿಂತಳು. ಡೇಟಾ ಸ್ಟ್ರಕ್ಚರ್ಸ್ ಓದಲು ಅವಳಿಗೆ ಬೇಕಾದದ್ದೆಲ್ಲ ಕೈಯಲ್ಲಿದೆ, ಆದರೂ ಆ ತರಗತಿಗೆ ಅವಳು ಬರುವ ಹಾಗಿಲ್ಲ. ಇನ್ನೊಬ್ಬ ಎಲೆಕ್ಟ್ರಾನಿಕ್ಸ್ ಹುಡುಗ. ಹೋಗಿರುವುದು ಎರಡೇ. ಒಂದು ಗಣಿತ, ಇನ್ನೊಂದು ಬೇಸಿಕ್ ಎಲೆಕ್ಟ್ರಿಕಲ್. ನಿಯಮದ ಪ್ರಕಾರ ಅವನಿಗೆ ದಾರಿ ಸಲೀಸು. ಅವನು ಮುಂದಿನ ಸೆಮಿಸ್ಟರ್‌ನಲ್ಲಿ ನೆಟ್‌ವರ್ಕ್ ಅನಾಲಿಸಿಸ್ ಪಾಠಕ್ಕೆ ಕೂರುತ್ತಾನೆ. ಸರ್ಕ್ಯೂಟ್ ಲೆಕ್ಕಕ್ಕೆ ಬೇಕಾದ ಕಿರ್ಚಾಫ್ ನಿಯಮ ಗೊತ್ತಿಲ್ಲ. ಡಿಫರೆನ್ಷಿಯಲ್ ಈಕ್ವೇಷನ್ ಬಿಡಿಸಲು ಬರುವುದಿಲ್ಲ. ಅಲ್ಲಿ ಮತ್ತೆ ಫೇಲ್. ಆಮೇಲೆ ಸಿಗ್ನಲ್ಸ್, ಅದಾದ ಮೇಲೆ ಕಂಟ್ರೋಲ್ ಸಿಸ್ಟಮ್ಸ್. ಲಾಪ್ಲಾಸ್ ಟ್ರಾನ್ಸ್‌ಫಾರ್ಮ್ ಎಂಬ ಗಣಿತ ಬರದೆ ಕಂಟ್ರೋಲ್ ಸಿಸ್ಟಮ್ಸ್‌ನಲ್ಲಿ ಏನು ಮಾಡಲಿಕ್ಕಾಗುತ್ತದೆ?

ಎಣಿಕೆಯ ನಿಯಮ ತಡೆಯಬಾರದವಳನ್ನು ತಡೆಯಿತು, ತಡೆಯಬೇಕಾದವನನ್ನು ಬಿಟ್ಟಿತು. ಇದರಲ್ಲಿ ಮರುಕದ ಪ್ರಶ್ನೆ ಏನೂ ಇಲ್ಲ. ನಿಯಮ ತನ್ನ ಕೆಲಸವನ್ನೇ ಮಾಡುತ್ತಿಲ್ಲ.

ನಾನು ಪಾಠ ಮಾಡುವ ವಿಷಯದಿಂದಲೇ ಒಂದು ಉದಾಹರಣೆ ಕೊಡುತ್ತೇನೆ. ಸ್ಟ್ರೆಂತ್ ಆಫ್ ಮೆಟೀರಿಯಲ್ಸ್‌ನಲ್ಲಿ ಒಂದು ಬೀಮ್ ಎಷ್ಟು ಭಾರ ತಾಳುತ್ತದೆ ಎಂದು ನೋಡಬೇಕು. ಅದಕ್ಕೆ ಬೆಂಡಿಂಗ್ ಮೊಮೆಂಟ್ ಚಿತ್ರ ಬರೆಯಬೇಕು. ಅದಕ್ಕೂ ಮೊದಲು ಆಧಾರಗಳ ಮೇಲೆ ಎಷ್ಟೆಷ್ಟು ಬಲ ಬೀಳುತ್ತದೆ ಎಂದು ಕಂಡುಹಿಡಿಯಬೇಕು. ಅದು ಬರಬೇಕಾದರೆ ಫ್ರೀ ಬಾಡಿ ಡಯಾಗ್ರಾಂ, ಅಂದರೆ ಒಂದು ವಸ್ತುವಿನ ಮೇಲೆ ಬೀಳುವ ಬಲಗಳನ್ನೆಲ್ಲ ತೋರಿಸುವ ಚಿತ್ರ, ಬರೆಯಲು ಗೊತ್ತಿರಬೇಕು. ಇದು ಮೊದಲ ವರ್ಷದ ಮೆಕ್ಯಾನಿಕ್ಸ್ ಪಾಠ. ಅಲ್ಲಿ ಎಡವಿದವರು ಇಲ್ಲಿ ಮೊದಲ ಘಟ್ಟದಲ್ಲೇ ನಿಲ್ಲುತ್ತಾರೆ. ಸೂತ್ರ ಬಾಯಿಪಾಠ ಮಾಡಿ ಹೇಗೋ ಪಾಸಾದರೂ ಮೂರನೇ ವರ್ಷದ ಡಿಸೈನ್ ವಿಷಯದಲ್ಲಿ ಸಿಕ್ಕಿಬೀಳುತ್ತಾರೆ. ಆದರೆ ಇದೇ ವಿದ್ಯಾರ್ಥಿ ಅದೇ ಸೆಮಿಸ್ಟರ್‌ನ ಮೆಟೀರಿಯಲ್ ಸೈನ್ಸ್ ಅಥವಾ ಸರ್ವೇಯಿಂಗ್ ಪಾಠವನ್ನು ಚೆನ್ನಾಗಿಯೇ ಓದಬಹುದು. ಅದನ್ನು ಯಾಕೆ ತಪ್ಪಿಸಬೇಕು?

ಯಾವ ವಿಷಯಕ್ಕೆ ಯಾವುದು ಬುನಾದಿ ಎಂದು ಪಾಠ ಮಾಡುವವರಿಗೆಲ್ಲ ಗೊತ್ತು. ಸಿಲಬಸ್ ಪುಸ್ತಕದಲ್ಲಿ ಎಷ್ಟೋ ಕಡೆ ಪ್ರೀ-ರಿಕ್ವಿಸಿಟ್ ಎಂದು ಒಂದು ಸಾಲೂ ಇರುತ್ತದೆ. ಆದರೆ ಪ್ರಮೋಷನ್ ನಿಯಮ ಬರೆಯುವಾಗ ಆ ಸಾಲನ್ನು ಯಾರೂ ತೆರೆದು ನೋಡುವುದಿಲ್ಲ. ಕೋರ್ಸ್ ರಿಜಿಸ್ಟ್ರೇಷನ್ ಸಾಫ್ಟ್‌ವೇರ್‌ಗೂ ಅದನ್ನು ಜೋಡಿಸಿರುವುದಿಲ್ಲ. ಸುಮ್ನೆ ಅಚ್ಚಾಗಿರುತ್ತದೆ, ಅಷ್ಟೇ.

ಈಗ ಇಯರ್ ಬ್ಯಾಕ್ ಆದವರ ಆ ಒಂದು ವರ್ಷ ಹೇಗಿರುತ್ತದೆ ಎಂದು ಹೇಳಬೇಕು. ನಿಯಮ ಬರೆಯುವ ಮೇಜಿನ ಮೇಲೆ ಅದು ಬರೀ ಒಂದು ವರ್ಷ. ಹಲವು ಕಡೆ ಆ ವರ್ಷದಲ್ಲಿ ವಿದ್ಯಾರ್ಥಿಗೆ ತರಗತಿಯೇ ಇರುವುದಿಲ್ಲ. ಇಂಟರ್ನಲ್ಸ್ (ಕಾಲೇಜಿನೊಳಗಿನ ಪರೀಕ್ಷೆಗಳ) ಅಂಕ ಮೊದಲೇ ಸೇರಿರುತ್ತದೆ, ಹಾಗಾಗಿ ಅಂತಿಮ ಪರೀಕ್ಷೆ ಬರೆದರೆ ಸಾಕು. ಮನೆಯಲ್ಲಿ ಕೂತು, ಉಳಿದ ಕೆಲವು ಪೇಪರ್‌ಗಳಿಗಾಗಿ ತಿಂಗಳುಗಟ್ಟಲೆ ಕಾಯಬೇಕು. ಕಲಿಸುವವರು ಯಾರೂ ಇಲ್ಲ. ಲ್ಯಾಬ್ ಇಲ್ಲ, ಲೈಬ್ರರಿ ಕಾರ್ಡ್ ಇಲ್ಲ, ಹಾಸ್ಟೆಲ್‌ನಲ್ಲಿ ಕೋಣೆ ಇಲ್ಲ. ತರಗತಿಯಲ್ಲಿ ಕೂತು ಕಲಿಯಲಾಗದ ವಿಷಯವನ್ನು ಒಬ್ಬರೇ ಕೂತು ಕಲಿಯಿರಿ ಎಂದು ನಾವು ಹೇಳುತ್ತಿದ್ದೇವೆ. ಇದು ಕಲಿಸುವ ಸಂಸ್ಥೆ ಮಾಡುವ ಕೆಲಸವಾ?

ಅದರ ಜೊತೆಗೆ ಬೇರೆ ಹೊಡೆತಗಳೂ ಬೀಳುತ್ತವೆ. ಪ್ರತಿ ವರ್ಷ ತೇರ್ಗಡೆಯಾದರೆ ಮಾತ್ರ ಎಂಬ ಷರತ್ತಿನ ಸ್ಕಾಲರ್‌ಶಿಪ್ ನಿಂತುಹೋಗುತ್ತದೆ. ಶಿಕ್ಷಣ ಸಾಲ ತೆಗೆದುಕೊಂಡಿದ್ದರೆ ಬಡ್ಡಿಯ ಅವಧಿ ಉದ್ದವಾಗುತ್ತದೆ. ಅಷ್ಟರಲ್ಲಿ ಸಿಲಬಸ್ ಬದಲಾಗಿದ್ದರೆ ಹಳೆಯ ಸ್ಕೀಮ್‌ನವರು ಹೊಸ ಸ್ಕೀಮ್‌ಗೆ ಸೇರಬೇಕು, ಅದಕ್ಕಾಗಿ ಇನ್ನೆರಡು ವಿಷಯ ಹೆಚ್ಚಿಗೆ ಬರೆಯಬೇಕು. ಜೊತೆಯವರು ಮುಂದೆ ಹೋಗಿರುತ್ತಾರೆ. ನೋಟ್ಸ್ ಕೊಡುವವರು, ಡೌಟ್ ಹೇಳಿಕೊಡುವವರು ಯಾರೂ ಇರುವುದಿಲ್ಲ. ಊರಿನವರ ಪ್ರಶ್ನೆಗೆ ಉತ್ತರ ಕೊಡಲಾಗದೆ ಮನೆಯಿಂದ ಹೊರಗೆ ಬರುವುದನ್ನೇ ಬಿಟ್ಟ ಮಕ್ಕಳನ್ನು ನಾನು ಬಲ್ಲೆ. ಕೆಲವರು ಮತ್ತೆ ಕಾಲೇಜಿಗೆ ಬರಲೇ ಇಲ್ಲ. ಅವರಲ್ಲಿ ಬುದ್ಧಿವಂತರೂ ಇದ್ದರು ಎಂದು ಅವರಿಗೆ ಪಾಠ ಮಾಡಿದವನಾಗಿ ಹೇಳುತ್ತೇನೆ.

ಕೆಲವು ವಿಷಯಗಳ ಕೊರತೆಗೆ ಇಡೀ ವರ್ಷ ಕಿತ್ತುಕೊಳ್ಳುವುದು ಕಿರುಬೆರಳಿನ ಗಾಯಕ್ಕೆ ಮೈಯೆಲ್ಲ ಪಟ್ಟಿ ಕಟ್ಟಿ ಮಲಗಿಸಿದ ಹಾಗೆ.

ರಿಸಲ್ಟ್ ಬರುವ ಸಮಯದ ಬಗ್ಗೆಯೂ ಹೇಳಬೇಕು. ಇದು ಸಣ್ಣ ಆಡಳಿತದ ವಿಚಾರ ಎಂದು ನಿಮಗನ್ನಿಸಬಹುದು. ಆದರೆ ಮಕ್ಕಳ ಪಾಲಿಗೆ ದೊಡ್ಡ ಸಂಕಟ ಇಲ್ಲೇ ಇದೆ. ಮುಂದಿನ ಸೆಮಿಸ್ಟರ್ ಶುರುವಾಗಿರುತ್ತದೆ, ಹಿಂದಿನದರ ಫಲಿತಾಂಶ ಬಂದಿರುವುದಿಲ್ಲ. ಬಂದರೂ ರೀವ್ಯಾಲ್ಯುಯೇಷನ್‌ಗೆ (ಉತ್ತರ ಪತ್ರಿಕೆಯನ್ನು ಮತ್ತೆ ತಿದ್ದಿಸಲು) ಹಾಕಿರುತ್ತಾರೆ. ಆ ಫಲಿತಾಂಶ ಬರಲು ಇನ್ನಷ್ಟು ವಾರ. ಅಲ್ಲಿಯವರೆಗೆ ಈ ವಿದ್ಯಾರ್ಥಿ ಏನು ಮಾಡಬೇಕು? ತರಗತಿಗೆ ಬಂದರೆ, ಕೊನೆಗೆ ಅಂಕ ಏರದಿದ್ದಾಗ, ಅರ್ಧ ಸೆಮಿಸ್ಟರ್ ಆದ ಮೇಲೆ ಎದ್ದು ಹೋಗಬೇಕು. ಬಾರದೆ ಮನೆಯಲ್ಲಿದ್ದರೆ, ಅಂಕ ಏರಿ ಪಾಸಾದಾಗ, ಅಟೆಂಡೆನ್ಸ್ ಸಾಲದು ಎಂದು ಪರೀಕ್ಷೆಗೆ ಕೂರಿಸುವುದಿಲ್ಲ. ಎರಡರಲ್ಲೂ ತಪ್ಪು ವಿದ್ಯಾರ್ಥಿಯದ್ದಲ್ಲ. ಪೇಪರ್ ತಡವಾಗಿ ತಿದ್ದಿದ್ದು ನಾವು. ಅಂಕ ತಪ್ಪಾಗಿ ಕೂಡಿಸಿದ್ದರೆ ಅದೂ ನಾವೇ.

ಕ್ರೆಡಿಟ್ ಪದ್ಧತಿಯನ್ನು ತಂದವರೂ ನೀವೇ. ದೇಶದ ತಾಂತ್ರಿಕ ಶಿಕ್ಷಣ ನೋಡಿಕೊಳ್ಳುವ ಸಂಸ್ಥೆ ಎಐಸಿಟಿಇ 2018ರ ಮಾದರಿ ಪಠ್ಯಕ್ರಮದಲ್ಲಿ ಬಿ.ಟೆಕ್ ಪದವಿಗೆ ಒಟ್ಟು 160 ಕ್ರೆಡಿಟ್ ಎಂದು ಹೇಳಿತು. ಕ್ರೆಡಿಟ್ ಎಂದರೆ ಏನು? ಪ್ರತಿ ವಿಷಯಕ್ಕೂ ಅದರದೇ ತೂಕ ಇದೆ, ಗಳಿಸಿದ್ದು ಕೈಯಲ್ಲಿ ಉಳಿಯುತ್ತದೆ, ಉಳಿದದ್ದನ್ನು ಮತ್ತೆ ಗಳಿಸಬಹುದು ಅಂತ ತಾನೇ? ಹಾಗಿದ್ದ ಮೇಲೆ ಅದರ ಮೇಲೆ ಹಳೆಯ ಕಾಲದ ವರ್ಷದ ಗೇಟನ್ನು ಹಾಗೇ ಉಳಿಸಿಕೊಂಡಿದ್ದು ಯಾಕೆ? ಕ್ರೆಡಿಟ್ ಪದ್ಧತಿಯಲ್ಲಿ ವರ್ಷ ಎನ್ನುವುದು ಕ್ಯಾಲೆಂಡರ್‌ನ ಲೆಕ್ಕ. ಓದಿನ ಲೆಕ್ಕ ವಿಷಯದಿಂದ ವಿಷಯಕ್ಕೆ ಸಾಗುತ್ತದೆ.

ಹೊರಗಿನ ದೇಶಗಳಲ್ಲಿ ಎಲ್ಲ ಸಡಿಲವಾಗಿದೆ, ನಾವು ಮಾತ್ರ ಕಠಿಣ ಎಂದು ನಾನು ಹೇಳುತ್ತಿಲ್ಲ. ಅದು ನಿಜವೂ ಅಲ್ಲ. ಸ್ವಿಟ್ಜರ್‌ಲೆಂಡ್‌ನ ಇಟಿಎಚ್ ಜೂರಿಕ್ ತನ್ನ ಮೊದಲ ವರ್ಷದ ಪರೀಕ್ಷೆಗೆ ಹೆಸರುವಾಸಿ. ಅಲ್ಲಿ 6 ಅತಿ ಹೆಚ್ಚಿನ ಅಂಕ, 4 ಬಂದರೆ ತೇರ್ಗಡೆ. ಒಮ್ಮೆ ಫೇಲಾದರೆ ಇನ್ನೊಂದೇ ಅವಕಾಶ. ಎರಡನೆಯದೂ ಹೋದರೆ ಆ ಕೋರ್ಸ್ ಮುಗಿದಂತೆ. ಜರ್ಮನಿಯ ಹಲವು ವಿಶ್ವವಿದ್ಯಾಲಯಗಳಲ್ಲಿ ಕಡ್ಡಾಯ ವಿಷಯದ ಪರೀಕ್ಷೆಗೆ ಸಾಮಾನ್ಯವಾಗಿ ಮೂರು ಅವಕಾಶ. ಮೂರೂ ಹೋದರೆ ಅದೇ ಕೋರ್ಸಿಗೆ ಆ ದೇಶದ ಬೇರೆ ವಿಶ್ವವಿದ್ಯಾಲಯದಲ್ಲಿ ಸೇರುವುದೂ ಕಷ್ಟ. ನೆದರ್‌ಲೆಂಡ್ಸ್‌ನ ಡೆಲ್ಫ್ಟ್ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಮೊದಲ ವರ್ಷದ 60 ಕ್ರೆಡಿಟ್‌ಗಳಲ್ಲಿ 45 ಗಳಿಸದವರು ಕೋರ್ಸ್ ಬಿಡಬೇಕು ಎಂಬ ನಿಯಮ ಬಂದಿದೆ. ಇವೆಲ್ಲ ನಮ್ಮ ನಿಯಮಗಳಿಗಿಂತ ಬಿಗಿ.

ಆದರೆ ಒಳಗೆ ಇಣುಕಿ ನೋಡಿ. ಇಟಿಎಚ್‌ನಲ್ಲಿ ಪರೀಕ್ಷೆಗಳ ಗುಂಪಿನ ಸರಾಸರಿ ನೋಡುತ್ತಾರೆ. ಒಂದು ವಿಷಯದಲ್ಲಿ ಸ್ವಲ್ಪ ಕಡಿಮೆಯಾದರೆ ಇನ್ನೊಂದರಲ್ಲಿ ಚೆನ್ನಾಗಿ ಬರೆದದ್ದು ಕೈ ಹಿಡಿಯುತ್ತದೆ. ನೆದರ್‌ಲೆಂಡ್ಸ್‌ನಲ್ಲಿ ಹೊರಗೆ ಹಾಕುವ ಮೊದಲು ವಿದ್ಯಾರ್ಥಿಗೆ ಎಚ್ಚರಿಕೆ ಕೊಡಬೇಕು. ಕಾಯಿಲೆ, ಮನೆಯ ತೊಂದರೆ ಇದ್ದರೆ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಕೋವಿಡ್ ಬಂದಾಗ 2019-20ರ ಸಾಲಿನವರಿಗೆ ಈ ನಿಯಮವನ್ನೇ ಮುಂದಕ್ಕೆ ಹಾಕಿದರು. ಬಿಗಿ ಇರಲಿ, ನಾನು ವಿರೋಧಿಸುವುದಿಲ್ಲ. ಬೇಗ ಹೇಳಿ, ಸ್ಪಷ್ಟವಾಗಿ ಹೇಳಿ, ಹೇಳಿದ ಮೇಲೆ ವರ್ಷಗಟ್ಟಲೆ ಖಾಲಿ ಕೂರಿಸಬೇಡಿ ಎನ್ನುವುದಷ್ಟೇ ನನ್ನ ಮಾತು.

"ಹೀಗೆ ಬಿಡುತ್ತಾ ಹೋದರೆ ಗುಣಮಟ್ಟ ಏನಾಗುತ್ತದೆ?" ಎಂದು ನಿಮ್ಮಲ್ಲಿ ಕೆಲವರು ಕೇಳುತ್ತೀರಿ. ನ್ಯಾಯವಾದ ಪ್ರಶ್ನೆ. ನಾಳೆ ಸೇತುವೆ ಕಟ್ಟುವವರು, ಆಸ್ಪತ್ರೆಯ ಯಂತ್ರಕ್ಕೆ ಸರ್ಕ್ಯೂಟ್ ಮಾಡುವವರು ಇವರೇ. ಅರ್ಧಂಬರ್ಧ ಕಲಿತವರಿಗೆ ಪದವಿ ಕೊಡಿ ಎಂದು ನಾನು ಎಂದೂ ಹೇಳುವುದಿಲ್ಲ. ವಿದ್ಯಾರ್ಥಿಗಳು ಧರಣಿ ಕೂತಾಗ ಎಲ್ಲರಿಗೂ ಗ್ರೇಸ್ ಮಾರ್ಕ್ಸ್ ಕೊಟ್ಟು ಮುಂದೆ ತಳ್ಳುವುದನ್ನೂ ನಾನು ಒಪ್ಪುವುದಿಲ್ಲ. ಅದು ಕಷ್ಟಪಟ್ಟು ಓದಿದವರಿಗೂ ಅನ್ಯಾಯ, ತಳ್ಳಿಸಿಕೊಂಡವರಿಗೂ ಅನ್ಯಾಯ. ಬ್ರಿಟನ್ನಿನ ಎಂಜಿನಿಯರಿಂಗ್ ಕೌನ್ಸಿಲ್ ಈ ವಿಷಯದಲ್ಲಿ ಒಂದು ಒಳ್ಳೆಯ ಗೆರೆ ಎಳೆದಿದೆ. ಅದರ ಮಾನ್ಯತೆ ಬೇಕಿರುವ ಬ್ಯಾಚುಲರ್ ಪದವಿಯಲ್ಲಿ, ಒಂದು ವಿಷಯದಲ್ಲಿ ಕಡಿಮೆಯಾದದ್ದನ್ನು ಉಳಿದವುಗಳ ಅಂಕದಿಂದ ಸರಿದೂಗಿಸಿ ಪಾಸು ಮಾಡುವುದು 30 ಕ್ರೆಡಿಟ್‌ಗಳಿಗಿಂತ ಹೆಚ್ಚಿರಬಾರದು. ಅಲ್ಲಿ ಒಂದು ವರ್ಷಕ್ಕೆ ಸಾಮಾನ್ಯವಾಗಿ 120 ಕ್ರೆಡಿಟ್. ಸರಿದೂಗಿಸುವ ವಿಷಯದಲ್ಲೂ ಅಂಕ ತೇರ್ಗಡೆಯ ಗೆರೆಗಿಂತ ಶೇ. 10ಕ್ಕಿಂತ ಹೆಚ್ಚು ಕೆಳಗೆ ಇರುವಂತಿಲ್ಲ. ಎಷ್ಟು ಬಿಡಬಹುದು, ಎಲ್ಲಿ ನಿಲ್ಲಿಸಬೇಕು, ಎರಡೂ ಒಂದೇ ನಿಯಮದಲ್ಲಿದೆ. ಒಬ್ಬ ಕುಲಪತಿಯ ಮನಸ್ಸಿನ ಮೇಲೆ, ಒಂದು ಧರಣಿಯ ಬಿಸಿಯ ಮೇಲೆ ಅದು ನಿಂತಿಲ್ಲ.

ನಿಜ ಹೇಳಬೇಕೆಂದರೆ, ವಿಷಯವಾರು ತಡೆ ಈಗಿನ ನಿಯಮಕ್ಕಿಂತ ಕಠಿಣ. ಈಗ ಗಣಿತದಲ್ಲಿ ಫೇಲಾದವರು ಎಂ1, ಎಂ2, ಎಂ3 ಮೂರನ್ನೂ ಬೆನ್ನಿಗೆ ಕಟ್ಟಿಕೊಂಡು ಕೊನೆಯ ವರ್ಷದವರೆಗೂ ಹೋಗುತ್ತಾರೆ. ಕೊನೆಗೆ ಎಲ್ಲವನ್ನೂ ಒಟ್ಟಿಗೆ ಬರೆಯುತ್ತಾರೆ. ಸಿಗ್ನಲ್ಸ್ ಪಾಸಾದ ಮೇಲೆ ಅದಕ್ಕೆ ಬುನಾದಿಯಾದ ಗಣಿತ ಪಾಸಾಗುತ್ತಾರೆ! ನನ್ನ ಮಾತು ಕೇಳಿದರೆ ಅದು ಸಾಧ್ಯವಾಗುವುದಿಲ್ಲ. ಬುನಾದಿ ಇಲ್ಲದೆ ಮೇಲಿನ ವಿಷಯಕ್ಕೆ ರಿಜಿಸ್ಟರ್ ಆಗುವಂತಿಲ್ಲ. ಅಕ್ರೆಡಿಟೇಷನ್ (ಕೋರ್ಸಿಗೆ ಮಾನ್ಯತೆ ಕೊಡುವ) ತಂಡದವರು ಕೇಳಿದರೂ ತಲೆ ಎತ್ತಿ ಉತ್ತರ ಕೊಡಬಹುದು. ಎಂಜಿನಿಯರಿಂಗ್ ಪದವಿಗಳನ್ನು ದೇಶಗಳು ಪರಸ್ಪರ ಒಪ್ಪಿಕೊಳ್ಳುವ 1989ರ ವಾಷಿಂಗ್ಟನ್ ಒಪ್ಪಂದಕ್ಕೆ ಭಾರತ 2014ರಲ್ಲಿ ಪೂರ್ಣ ಸದಸ್ಯನಾಯಿತು. ಪದವಿ ಮುಗಿಸಿದವರಿಗೆ ಏನು ಬರಬೇಕು ಎಂದು ಅದು ಕೇಳುತ್ತದೆ. ಎಷ್ಟು ಜನರನ್ನು ಮೊದಲ ವರ್ಷದಲ್ಲಿ ನಿಲ್ಲಿಸಿದಿರಿ ಎಂದು ಕೇಳುವುದಿಲ್ಲ.

ಮೊದಲ ವರ್ಷದ ನಂತರ ಬ್ರಾಂಚ್ ಹಂಚುವ ಕಾಲೇಜುಗಳಿಗೆ ಬೇರೆಯೇ ಮಾತಿದೆ. ಅಲ್ಲಿ ಮುಂದಕ್ಕೆ ಹೋಗುವುದೆಂದರೆ ಎರಡನೇ ಸಲ ಅಡ್ಮಿಷನ್. ಅಮೆರಿಕದ ಟೆಕ್ಸಾಸ್ ಎ ಅಂಡ್ ಎಂ ವಿಶ್ವವಿದ್ಯಾಲಯದಲ್ಲಿ ಎಲ್ಲರೂ ಮೊದಲು ಜನರಲ್ ಎಂಜಿನಿಯರಿಂಗ್‌ಗೆ ಸೇರಿ, ಆಮೇಲೆ ಬ್ರಾಂಚ್‌ಗೆ ಅರ್ಜಿ ಹಾಕುತ್ತಾರೆ. ಬೇಕಾದ ಬ್ರಾಂಚ್ ಖಾತ್ರಿಯಾಗಿ ಸಿಗಲು 4ಕ್ಕೆ 3.5 ಜಿಪಿಎ (ಎಲ್ಲ ವಿಷಯಗಳ ಸರಾಸರಿ ಗ್ರೇಡ್) ಸಾಕಿತ್ತು. ಅದು 3.75ಕ್ಕೆ ಏರಿತು. ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಈ ಗೆರೆ 3.2ರಲ್ಲಿತ್ತು. ಒಂದೇ ದೇಶ, ಒಂದೇ ಪದವಿ, ಎರಡು ಗೆರೆ. ಈ ವ್ಯತ್ಯಾಸದಲ್ಲಿ ಸೀಟಿನ ಲೆಕ್ಕವೂ ಸೇರಿರುತ್ತದೆ, ಅಲ್ವಾ? 3.6 ಬಂದವರಿಗೆ ಕಂಪ್ಯೂಟರ್ ಸೈನ್ಸ್ ಓದುವ ಶಕ್ತಿ ಇಲ್ಲ ಎಂದು ಯಾರೂ ಹೇಳಲಾರರು. ಸೀಟು ಸಾಲದಿದ್ದರೆ ಸೀಟು ಸಾಲದು ಎಂದೇ ಹೇಳಿ. ಯೋಗ್ಯತೆ ಸಾಲದು ಎಂದು ಹದಿನೆಂಟರ ಮಕ್ಕಳ ಮನಸ್ಸಿಗೆ ತುಂಬಬೇಡಿ. ಸೇರುವ ದಿನವೇ ಯಾವ ಬ್ರಾಂಚಿಗೆ ಎಷ್ಟು ಸೀಟು, ಹಿಂದಿನ ವರ್ಷ ಯಾವ ಅಂಕಕ್ಕೆ ನಿಂತಿತು ಎಂದು ಬರಹದಲ್ಲಿ ಕೊಡಿ. ಐಐಟಿ ಮದ್ರಾಸ್ ಸೇರಿದಂತೆ ಕೆಲವು ಐಐಟಿಗಳು ಮೊದಲ ವರ್ಷದ ಅಂಕದ ಮೇಲೆ ಬ್ರಾಂಚ್ ಬದಲಿಸುವ ಅವಕಾಶವನ್ನು ಈಚೆಗೆ ನಿಲ್ಲಿಸಿದವು. ಆ ಒಂದು ವರ್ಷದ ಒತ್ತಡ ಇಳಿಸುವುದು ಅದರ ಉದ್ದೇಶ. ಅದು ಸರಿಯಾದ ದಾರಿಯೇ ಎಂಬ ಬಗ್ಗೆ ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಓದುತ್ತಾ ಓದುತ್ತಾ ಮನಸ್ಸು ಬದಲಾದವರಿಗೂ ಒಂದು ದಾರಿ ಇರಬೇಕು. ಆದರೆ ಆ ಒತ್ತಡ ನಿಜ ಎಂದು ಅವರು ಒಪ್ಪಿಕೊಂಡರಲ್ಲ, ಅದು ದೊಡ್ಡದು.

ಡಿಪ್ಲೊಮಾ ಮುಗಿಸಿ ನೇರ ಎರಡನೇ ವರ್ಷಕ್ಕೆ ಬರುವವರನ್ನೂ ಮರೆಯಬೇಡಿ. ಅವರಿಗೆ ಮೊದಲ ವರ್ಷದ ಗೇಟೇ ಇಲ್ಲ. ಲ್ಯಾಬಿನಲ್ಲಿ ಅವರ ಕೈ ಉಳಿದವರಿಗಿಂತ ಚುರುಕು. ಗಣಿತದಲ್ಲಿ ಮಾತ್ರ ಹಿಂದೆ ಬೀಳುತ್ತಾರೆ. ಬ್ರಿಡ್ಜ್ ಕೋರ್ಸ್ ಎಂದು ಕೊಡುವುದನ್ನು ಸಂಜೆ ಐದರ ನಂತರ, ಎಲ್ಲರೂ ಸುಸ್ತಾದ ಹೊತ್ತಿಗೆ ಇಡುತ್ತೇವೆ. ಸೆಮಿಸ್ಟರ್ ಶುರುವಾಗುವ ಮೊದಲೇ ಆ ಪಾಠ ಮುಗಿಸಿದರೆ ಎಷ್ಟೋ ಬ್ಯಾಕ್‌ಲಾಗ್‌ಗಳು ಹುಟ್ಟುವುದೇ ಇಲ್ಲ.

ಹಾಗಾದರೆ ಏನು ಮಾಡಬೇಕು? ಎಲ್ಲಕ್ಕಿಂತ ಮೊದಲು ಪ್ರತಿ ವಿಭಾಗದ ಮೇಷ್ಟ್ರುಗಳನ್ನು ಕೂರಿಸಿ, ಯಾವ ವಿಷಯಕ್ಕೆ ಯಾವ ವಿಷಯ ನಿಜವಾಗಿ ಬೇಕೇ ಬೇಕು ಎಂದು ಬರೆಸಿಕೊಳ್ಳಿ. ಪಟ್ಟಿ ಚಿಕ್ಕದಿರಲಿ. ಎಲ್ಲದಕ್ಕೂ ಎಲ್ಲವೂ ಬೇಕು ಎಂದು ಬರೆದರೆ ಮತ್ತೆ ಹಳೆಯ ಗೇಟೇ ಬಂದಂತೆ. ನನ್ನ ಅಂದಾಜಿನಲ್ಲಿ ಮೊದಲ ವರ್ಷದಲ್ಲಿ ಇಂಥ ಬುನಾದಿ ವಿಷಯಗಳು ಪ್ರತಿ ಬ್ರಾಂಚಿಗೂ ಮೂರೋ ನಾಲ್ಕೋ ಇರುತ್ತವೆ. ಅವುಗಳ ಪರೀಕ್ಷೆಯನ್ನು ರಜೆಯಲ್ಲೇ ಇನ್ನೊಮ್ಮೆ ನಡೆಸಿ. ಬರೀ ಪರೀಕ್ಷೆ ಸಾಲದು, ಅದಕ್ಕೆ ಮೊದಲು ಕೆಲವು ವಾರ ಪಾಠ ಇರಲಿ. ತಮ್ಮ ಪರೀಕ್ಷೆ ತಾವೇ ನಡೆಸುವ ಹಲವು ಅಟಾನಮಸ್ ಕಾಲೇಜುಗಳಲ್ಲಿ ಮೇಕಪ್ ಪರೀಕ್ಷೆ (ಫೇಲಾದವರಿಗೆ ಇನ್ನೊಂದು ಅವಕಾಶ), ಬೇಸಿಗೆ ಸೆಮಿಸ್ಟರ್ ಈಗಾಗಲೇ ನಡೆಯುತ್ತಿವೆ. ವಿಶ್ವವಿದ್ಯಾಲಯದ ಪರೀಕ್ಷೆ ಬರೆಯುವ ಸಂಯೋಜಿತ ಕಾಲೇಜಿನ ಮಕ್ಕಳಿಗೂ ಅದು ಸಿಗಬೇಕು. ಪಾಠ ಮಾಡುವವರು ಯಾರು ಎಂದು ನೀವು ಕೇಳುವ ಮೊದಲೇ ಹೇಳುತ್ತೇನೆ, ನಾವು ಮಾಡುತ್ತೇವೆ. ಆ ದಿನಗಳಿಗೆ ರಜೆಯನ್ನು ಬೇರೆ ಸಮಯದಲ್ಲಿ ಕೊಡಿ, ತಾತ್ಕಾಲಿಕ ಉಪನ್ಯಾಸಕರಿಗೆ ಆ ತಿಂಗಳ ಸಂಬಳ ಕೊಡಿ.

ರಜೆಯ ಪರೀಕ್ಷೆಯಲ್ಲೂ ಆಗದಿದ್ದರೆ ಆ ವಿಷಯವನ್ನು ಮತ್ತೆ ತರಗತಿಯಲ್ಲಿ ಕೂತು ಓದಲಿ. ಅದನ್ನು ನಂಬಿಕೊಂಡ ಮೇಲಿನ ವಿಷಯ ಕಾಯಲಿ. ಉಳಿದ ವಿಷಯಗಳಿಗೆ ಅವರು ಜೊತೆಯವರ ಪಕ್ಕದಲ್ಲೇ ಕೂರಲಿ. ಹಾಸ್ಟೆಲ್, ಲೈಬ್ರರಿ ಎಲ್ಲ ಮುಂದುವರಿಯಲಿ. ಪದವಿ ನಾಲ್ಕು ವರ್ಷದಲ್ಲಿ ಮುಗಿಯದಿರಬಹುದು, ನಾಲ್ಕೂವರೆ ಆಗಬಹುದು. ಅಷ್ಟು ನಿಧಾನ ಯಾರಿಗೂ ಕೇಡಲ್ಲ. ಟೈಮ್‌ಟೇಬಲ್ ಹೊಂದಿಸುವುದು ಕಷ್ಟವಾಗುತ್ತದೆ, ನನಗೆ ಗೊತ್ತು. ಎರಡು ವರ್ಷದ ತರಗತಿಗಳು ಒಂದೇ ಹೊತ್ತಿಗೆ ಬೀಳುತ್ತವೆ. ಬುನಾದಿ ವಿಷಯಗಳನ್ನು ಮಾತ್ರ ಎರಡೂ ಸೆಮಿಸ್ಟರ್‌ನಲ್ಲಿ, ಬೆಳಗ್ಗೆ ಮೊದಲ ಪೀರಿಯಡ್‌ಗೆ ಇಟ್ಟರೆ ಬಹಳಷ್ಟು ಗೊಂದಲ ಕಡಿಮೆಯಾಗುತ್ತದೆ.

ರಿಸಲ್ಟ್ ಮತ್ತು ರೀವ್ಯಾಲ್ಯುಯೇಷನ್ ಎರಡೂ ಮುಂದಿನ ಸೆಮಿಸ್ಟರ್ ಶುರುವಾಗುವ ಮೊದಲು ಮುಗಿಯಬೇಕು. ಮುಗಿಯದಿದ್ದರೆ ಆ ವಿದ್ಯಾರ್ಥಿ ತರಗತಿಯಲ್ಲಿ ಕೂರಲಿ, ಆ ಸೆಮಿಸ್ಟರ್‌ನ ಕೊನೆಯವರೆಗೂ ಯಾರೂ ಎಬ್ಬಿಸಬಾರದು. ನಮ್ಮ ತಡಕ್ಕೆ ಅವರು ದಂಡ ಕಟ್ಟಬಾರದು. ಇನ್ನು, ಒಂದು ಬ್ಯಾಚ್ ಯಾವ ನಿಯಮ ಓದಿ ಸೇರಿತೋ ಅದೇ ನಿಯಮ ಆ ಬ್ಯಾಚಿಗೆ ಕೊನೆಯವರೆಗೂ ಇರಲಿ. ಹೊಸ ನಿಯಮ ಅವರಿಗೆ ಅನುಕೂಲವಾದರೆ ಮಾತ್ರ ಅನ್ವಯಿಸಲಿ. ಆ ನಿಯಮ ಕನ್ನಡದಲ್ಲೂ ಸಿಗಲಿ. ತಂದೆತಾಯಿಗೆ ಓದಿ ಅರ್ಥವಾಗುವ ಹಾಗೆ ಎರಡು ಪುಟದಲ್ಲಿ, ಅಡ್ಮಿಷನ್ ಪತ್ರದ ಜೊತೆಗೇ ಕೊಡಿ.

ಕೊನೆಯದಾಗಿ ಒಂದು ಮನವಿ. ಇದನ್ನೆಲ್ಲ ಒಂದೇ ಸಲ ಮಾಡಲು ಆಗದಿದ್ದರೆ ಎರಡು ಬ್ರಾಂಚಿನಲ್ಲಿ ಶುರು ಮಾಡಿ. ಎಷ್ಟು ಮಂದಿ ಬುನಾದಿ ವಿಷಯ ರಜೆಯಲ್ಲೇ ಮುಗಿಸಿದರು, ಎಷ್ಟು ಮಂದಿ ಕಾಲೇಜು ಬಿಟ್ಟರು ಎಂದು ಲೆಕ್ಕ ಇಡಿ, ಆ ಲೆಕ್ಕವನ್ನು ಎಲ್ಲರ ಮುಂದೆ ಇಡಿ. ನಿಮ್ಮ ಮುಂದಿನ ಸಭೆಗೆ ಪಾಠ ಮಾಡುವವರನ್ನೂ, ಇಯರ್ ಬ್ಯಾಕ್ ಆದ ಒಂದಿಬ್ಬರು ವಿದ್ಯಾರ್ಥಿಗಳನ್ನೂ ಕರೆಸಿ ಕೇಳಿ. ಮೆಕ್ಯಾನಿಕಲ್ ಮತ್ತು ಸಿವಿಲ್ ವಿಷಯಗಳ ಬುನಾದಿ ಪಟ್ಟಿಯ ಕರಡನ್ನು ನಮ್ಮಲ್ಲಿ ಕೆಲವರು ಬರೆದುಕೊಡಲು ತಯಾರಿದ್ದೇವೆ.

ಇತಿ,
ಎರಡನೇ ವರ್ಷದವರಿಗೆ ಪಾಠ ಮಾಡುವ ಒಬ್ಬ ಮೇಷ್ಟ್ರು